ಸೀಟಿ ಎಣಿಸುವ ಮುಚ್ಚಳ

ಆ ಮುಚ್ಚಳದ ಕಿಟಕಿ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಿರಲಿಲ್ಲ. ಕುಕ್ಕರ್ ಸೀಟಿ ಹೊಡೆದಾಗಲೆಲ್ಲ ಒಳಗಿನ ಪುಟ್ಟ ಚಕ್ರ ಟಕ್ ಎಂದು ಒಂದು ಹಲ್ಲು ಮುಂದೆ ಸರಿದು ಕಿಟಕಿಯಲ್ಲಿ ಹೊಸ ಅಂಕೆ ಬರುತ್ತಿತ್ತು. ನಮ್ಮವ್ವ ಬಚ್ಚಲಿನಿಂದಲೇ "ಎಷ್ಟ ಸೀಟಿ ಆದ್ವು?" ಎಂದು ಕೂಗುತ್ತಿದ್ದಳು. ಮನೆಯಲ್ಲಿ ಯಾರೂ ಎಣಿಸಿರುತ್ತಿರಲಿಲ್ಲ. ಅವಳನ್ನು ನೆನೆದೇ ನಾನು ಅದನ್ನು ಮಾಡಿದ್ದು.

ನಾಸಿಕದ ಸಾತಪುರದಲ್ಲಿ ಪಾತ್ರೆ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ವಿನ್ಯಾಸ ಮಾಡುವುದು ನನ್ನ ಕೆಲಸ. ಕಾಲೇಜಿನಲ್ಲಿ ಓದಿದ್ದೂ ಅದನ್ನೇ. ಅಪ್ಪ ಬೀದರಿನಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದವರು, ನಾವು ಇಲ್ಲಿಯೇ ಉಳಿದೆವು. ಚಪಾತಿ ಬೆವರಿ ಹಸಿಯಾಗದಂತೆ ತಳದಲ್ಲಿ ಜಾಲರಿ ಇಟ್ಟ ಡಬ್ಬಿ ನನ್ನದು. ಸಾರಿನೊಳಗೆ ಜಾರಿ ಮುಳುಗದಂತೆ ಹಿಡಿಯಲ್ಲಿ ಕೊಕ್ಕೆ ಇರುವ ಸೌಟು ನನ್ನದು. ಆ ಸೌಟನ್ನು ಅಕ್ಕನಿಗೆ ಕೊಟ್ಟಾಗ ಅವಳು ಅದನ್ನು ಆಚೀಚೆ ತಿರುಗಿಸಿ ನೋಡಿ, "ನಮ್ಮ ಸೌಟೇನು ಬಾವ್ಯಾಗ ಬಿದ್ದಿತ್ತೇನವ್ವಾ?" ಎಂದಿದ್ದಳು. ಆದರೂ ಮರುದಿನದಿಂದ ಅದನ್ನೇ ಬಳಸಿದಳು.

ಅಕ್ಕನ ಮನೆ ಛತ್ರಪತಿ ಸಂಭಾಜಿನಗರದಲ್ಲಿ. ಭಾವನವರದು ಕೇಂದ್ರ ಸರ್ಕಾರದ ನೌಕರಿ. ಅವರ ಒಬ್ಬಳೇ ಮಗಳಿಗೆ ಆಗ ಹದಿನೆಂಟು. ಹನ್ನೆರಡನೆಯ ತರಗತಿ ಮುಗಿಸಿ, ನಾನು ಓದಿದಂಥದ್ದೇ ವಿನ್ಯಾಸದ ಕಾಲೇಜಿಗೆ ಸೇರಬೇಕೆಂದು ದಿನವಿಡೀ ಚಿತ್ರ ಬರೆಯುತ್ತಿದ್ದಳು. ಪ್ರವೇಶ ಪರೀಕ್ಷೆಗೆ ಎರಡು ತಿಂಗಳಿತ್ತು. ಅವಳ ಕೈಯ ಗೆರೆ ನನ್ನದಕ್ಕಿಂತ ಚೆನ್ನಾಗಿತ್ತು. ಇದನ್ನು ನಾನು ಆಗ ಅವಳಿಗೆ ಹೇಳಲಿಲ್ಲ. ಬದಲಿಗೆ ಒಂದು ಕೆಲಸ ಕೊಟ್ಟೆ: ಚಕ್ರದ ಮೇಲಿನ ಅಂಕೆಗಳನ್ನು ನೀನೇ ಬರೆ ಎಂದೆ. ಒಂದರಿಂದ ಒಂಬತ್ತರವರೆಗೆ ದೇವನಾಗರಿ ಅಂಕೆಗಳನ್ನು ದುಂಡಗೆ, ತುಸು ಮುಂದೆ ಬಾಗಿದಂತೆ ಬರೆದು ಕಳಿಸಿದಳು. ಎಲ್ಲಕ್ಕೂ ಕಪ್ಪು ಬಣ್ಣ. ಬೇಳೆಗೆ ಆರು ಸೀಟಿ ಎಂದು ಆರನೆಯ ಅಂಕೆಗೆ ಮಾತ್ರ ಹಸಿರು. ಹಸಿರನ್ನು ಆರಿಸಿದವಳು ನಾನು. ಒಲೆ ನಿಲ್ಲಿಸು ಎಂಬುದಕ್ಕೆ ಹಸಿರು ಯಾಕೆ ಎಂದು ಕಾರ್ಖಾನೆಯಲ್ಲಿ ಒಬ್ಬರೂ ಕೇಳಲಿಲ್ಲ.

ಆ ಭಾನುವಾರ ನಾನು ಅಕ್ಕನ ಮನೆಗೆ ಒಯ್ದದ್ದು ನೋಡಲೆಂದು ಮಾಡಿದ ಮಾದರಿ. ಮುಚ್ಚಳದಲ್ಲಿ ಚಕ್ರಕ್ಕೆ ಜಾಗ ಸಾಲದೆ, ಒಳಗಿನ ಹಬೆ ಇಳಿಯುವವರೆಗೂ ಹಿಡಿಯನ್ನು ತಿರುಗಲು ಬಿಡದ ಒಂದು ಸಣ್ಣ ಕಡ್ಡಿಯನ್ನು ನಾವು ತೆಗೆದುಹಾಕಿದ್ದೆವು. ಅದನ್ನು ಬೇರೆ ಕಡೆ ಕೂರಿಸುವ ಕೆಲಸ ಮುಂದಿನ ವಾರಕ್ಕಿತ್ತು. ಇನ್ನೂ ಒಂದು ಹೆಮ್ಮೆಯ ಮಾತು: ಹಿಡಿಯನ್ನು ಉದ್ದ ಮಾಡಿ, ಮುಚ್ಚಳ ಒಂದೇ ಕೈಯಲ್ಲಿ ಹಗುರವಾಗಿ ತಿರುಗುವಂತೆ ಮಾಡಿದ್ದೆ. ಇವೆಲ್ಲ ನನಗೆ ಗೊತ್ತಿದ್ದವು. ಗೊತ್ತಿದ್ದೂ ಅದನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ, ಅಕ್ಕನ ಮಗಳು ತನ್ನ ಅಂಕೆ ತಿರುಗುವುದನ್ನು ನೋಡಲಿ ಎಂದು.

ಅಕ್ಕ ಒಲ್ಲೆ ಎಂದಳು. "ನನ್ನ ಹಳೇ ಕುಕ್ಕರ್‌ಗ ಏನ್ ಬ್ಯಾನಿ ಬಂದದ? ನಿನ್ನ ಪ್ರಯೋಗಕ್ಕ ನಮ್ಮನೀನೇ ಬೇಕೇನು?"

ಭಾವನವರು ಪೇಪರಿನ ಹಿಂದಿನಿಂದಲೇ ನಕ್ಕರು. "ಬರ್ಲಿ ಬಿಡು, ಎಣಿಸೋ ಕುಕ್ಕರ್ ಅದ. ನಿನಗ ಮೂರರ ಮ್ಯಾಲ ಎಣಿಸ್ಲಿಕ್ಕ ಬರಂಗಿಲ್ಲ."

"ನೀವು ನಿಮ್ಮ ಪೇಪರ್ ಓದ್ರಿ."

"ಅವ್ವಾ, ಪ್ಲೀಜ್ ನಾ! ನನ್ನ ನಂಬರ್ ಫಿರೋದು ನಾ ನೋಡ್ಬೇಕು, ಬಘೂ ದೇ ನಾ," ನೋಡಲು ಬಿಡು ಎಂದು ಮಗಳು ತಾಯಿಯ ಕೈಯಿಂದ ಬೇಳೆಯ ಡಬ್ಬಿ ಕಸಿದುಕೊಂಡಳು. ಅಡುಗೆಮನೆಗೆ ಅಪರೂಪಕ್ಕೆ ಹೋಗುವವಳು. ಅವಳ ಕನ್ನಡ ಹಾಗೆಯೇ, ಅರ್ಧ ಮರಾಠಿ. ನಾವು ಆಡಿದ್ದು ಎಲ್ಲ ತಿಳಿಯುತ್ತದೆ ಎಂದುಕೊಂಡಿದ್ದೆವು.

ನಾನು ಬಾಗಿಲಲ್ಲಿ ನಿಂತು ಹೇಳಿದೆ: "ಆರಿದ್ ಮ್ಯಾಲ ತಗೀ, ಹಾಂ? ಅವಸರ ಮಾಡಬ್ಯಾಡ."

"ಹೂಂ, ಮೌಶಿ." ಚಿಕ್ಕವ್ವ ಎನ್ನಲು ಅವಳಿಗೆ ಈ ಮರಾಠಿ ಮಾತೇ ರೂಢಿ.

ಹೇಳಿಯಾಯಿತು ಎಂದು ನಾನು ಪಡಸಾಲೆಯ ಸೋಫಾದಲ್ಲಿ ಅಕ್ಕನ ಪಕ್ಕ ಕೂತೆ. ಒಳಗಿನಿಂದ ಪ್ರತಿ ಸೀಟಿಗೂ ಅವಳು ಕೂಗುತ್ತಿದ್ದಳು. "ಏಕ್!" ಸ್ವಲ್ಪ ಹೊತ್ತಿಗೆ "ದೋನ್!" ಭಾವನವರು ಇಲ್ಲಿಂದ "ತೀನ್" ಎಂದು ಮುಂಚೆಯೇ ಹೇಳಿ ಅವಳನ್ನು ರೇಗಿಸಿದರು. "ಸಹಾ! ಮೌಶಿ, ಹಿರವಾ ಆಲಾ!" ಆರನೆಯ ಸೀಟಿ, ಹಸಿರು ಬಂತು. ಗ್ಯಾಸಿನ ಗುಂಡಿ ತಿರುಗಿದ ಸದ್ದು ಕೇಳಿಸಿತು. ಸರಿಯಾದ ಸಮಯಕ್ಕೆ ಆರಿಸಿದಳು ಎಂದು ನನಗೆ ಸಮಾಧಾನವಾಯಿತು. ಎದ್ದು ಬಾಗಿಲಿಗೆ ಹೋದೆ.

ಅವಳ ಎಡಗೈ ಪಾತ್ರೆಯ ಹಿಡಿಯ ಮೇಲಿತ್ತು, ಬಲಗೈ ಮುಚ್ಚಳದ ಮೇಲೆ. ನಾನು ಬಾಯಿ ತೆರೆದೆ. ಅಲ್ಲಿ ಯಾವ ಮಾತು ಇತ್ತು, ಬ್ಯಾಡ ಎಂದೋ, ನಿಲ್ಲು ಎಂಬ ಮರಾಠಿಯ ಥಾಂಬ್ ಎಂದೋ, ನನಗೆ ಈಗಲೂ ನೆನಪಾಗುವುದಿಲ್ಲ. ಹಿಡಿ ಹಗುರವಾಗಿ ತಿರುಗಿತು, ನಾನು ಮಾಡಿದ ಹಾಗೆಯೇ. ಮುಚ್ಚಳ ಛಾವಣಿಗೆ ಬಡಿದು ಸಿಂಕಿನಲ್ಲಿ ಬಿತ್ತು. ಬೇಳೆ ಎಲ್ಲ ಕಡೆ ಇತ್ತು. ಅವಳು ಮುಖ ತಿರುಗಿಸಿದ್ದರಿಂದ ಮುಖ ಉಳಿಯಿತು. ಬಲಗೈ ಮುಚ್ಚಳವನ್ನು ಹಿಡಿದಿತ್ತಲ್ಲ, ಹಬೆಯೆಲ್ಲ ಅಂಗೈಗೇ ನುಗ್ಗಿತ್ತು. ಅವಳು ಮೊದಲು ತನ್ನ ಕೈ ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು.

ನಲ್ಲಿಯ ಕೆಳಗೆ ಕೈ ಹಿಡಿದದ್ದು, ಭಾವನವರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಆಟೋ ಕರೆಯಲು ಓಡಿದ್ದು, ಇವು ತುಂಡುತುಂಡಾಗಿ ನೆನಪಿವೆ. ಬಾಗಿಲಿಗೆ ಹೋಗುವ ಆ ಐದಾರು ಹೆಜ್ಜೆ ಮಾತ್ರ ಇಡಿಯಾಗಿ ಉಳಿದಿದೆ. ಸಾತಪುರದಲ್ಲಿ ಪ್ರೆಸ್ ಯಂತ್ರ ಬುಸ್ಸೆಂದು ಗಾಳಿ ಬಿಟ್ಟರೆ ಸಾಕು, ಮತ್ತೆ ಆ ಸೋಫಾದಿಂದ ಏಳುತ್ತೇನೆ. ಪ್ರತಿ ಸಲವೂ ತಡವಾಗಿಯೇ ತಲುಪುತ್ತೇನೆ.

ಮೂರನೆಯ ದಿನ ಆಸ್ಪತ್ರೆಯಲ್ಲಿ ಅಕ್ಕ ಅವಳನ್ನು ಕೇಳಿದಳು, ಬೈಯುವ ದನಿಯಲ್ಲಿ, ಅಳುತ್ತ: "ಮೌಶಿ ಹೇಳಿದ್ದು ಕೇಳಿಸ್ಲಿಲ್ಲೇನ್ ನಿನಗ? ಯಾಕ ತಗದಿ?"

"ಮೌಶೀನೇ ಹೇಳಿದ್ಳಲ್ಲ," ಎಂದಳು ಹುಡುಗಿ. "ಆರಾದ್ ಮ್ಯಾಲ ತಗೀ ಅಂತ. ಸಹಾ ಝಾಲ್ಯಾ ಹೋತ್ಯಾ ನಾ." ಆರು ಆಗಿದ್ದವಲ್ಲ.

ಆರಿದ್ ಮ್ಯಾಲ. ಆರಾದ್ ಮ್ಯಾಲ. ಅಕ್ಕ ನನ್ನ ಕಡೆ ನೋಡಿದಳು. ಬಿಸಿ ಆರುವುದು ಎಂಬ ಮಾತು ಆ ಮನೆಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಹಾಲು ಆರಲಿ, ಅನ್ನ ಆರಲಿ. ಅವಳಿಗೆ ಅದು ಹಾಲು ಅನ್ನದ ಜೊತೆ ಮಾತ್ರ ಗೊತ್ತಿತ್ತೇನೋ. ಅಂಕೆ ಎಣಿಸುವ ಕುಕ್ಕರಿನ ಮುಂದೆ, ತಾನೇ ಬರೆದ ಅಂಕೆಗಳನ್ನು ನೋಡುತ್ತ ನಿಂತವಳಿಗೆ ನನ್ನ ಮಾತು ಅಂಕೆಯಾಗಿಯೇ ಕೇಳಿಸಿತು. ಆ ಅಂಕೆ ಹಸಿರಾಗಿಯೂ ಬಂತು.

ಚರ್ಮ ಕೂಡಿಕೊಂಡಿತು. ಕೂಡಿಕೊಳ್ಳುತ್ತ ಬೆರಳುಗಳನ್ನು ಒಳಗೆ ಎಳೆದುಕೊಂಡಿತು. ಒಂದು ಶಸ್ತ್ರಚಿಕಿತ್ಸೆಯಾಯಿತು, ಇನ್ನೊಂದಾಯಿತು. ಎರಡನೆಯದರ ನಂತರ ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ಮುಟ್ಟಬಹುದೇನೋ ಎಂದು ಕಾದೆವು. ಮುಟ್ಟಲಿಲ್ಲ. ಬೆರಳು ಇನ್ನು ಹೆಚ್ಚು ಬಿಚ್ಚುವ ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು. ಪ್ರವೇಶ ಪರೀಕ್ಷೆ ಆ ವರ್ಷವೂ ಹೋಯಿತು, ಮರುವರ್ಷವೂ. ಅವಳು ಎಡಗೈಯಲ್ಲಿ ಬರೆದು ನೋಡಿದಳು. ಒಂದು ವಾರ ಬರೆದು, ಹಳೆಯ ಚಿತ್ರಗಳೊಡನೆ ಎಲ್ಲ ಹಾಳೆಗಳನ್ನೂ ತಾನೇ ರದ್ದಿಗೆ ಹಾಕಿದಳು.

ಕಾರ್ಖಾನೆಯವರು ಕಡ್ಡಿಯನ್ನು ಬೇರೆ ಕಡೆ ಕೂರಿಸಿ, ಹಸಿರನ್ನು ತೆಗೆದು ಕುಕ್ಕರನ್ನು ಮಾರುಕಟ್ಟೆಗೆ ಬಿಟ್ಟರು. ಅಂಕೆಗಳು ಮಾತ್ರ ಅವಳವೇ. ಪಿಂಪಳಗಾಂವದ ಪಾತ್ರೆ ಅಂಗಡಿಯೊಂದರಲ್ಲಿ ನೋಡಿದೆ, ಆ ತುಸು ಬಾಗಿದ ಮೂರು, ಆ ದುಂಡು ಐದು. ಬದಲಿಸಿ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಇನ್ನೆಲ್ಲೂ ಅವಳ ಕೈಬರಹ ಉಳಿದಿಲ್ಲ.

ನನಗೆ ಗೊತ್ತಿರುವುದು ಒಂದೇ ಕೆಲಸ. ಒಂದು ಚಮಚ ಮಾಡಿದೆ. ಹಿಡಿ ದಪ್ಪ, ಮುಚ್ಚಿದ ಮುಷ್ಟಿಯಲ್ಲೂ ನಿಲ್ಲುವಂತೆ. ಕುತ್ತಿಗೆ ಬಾಯಿಯ ಕಡೆಗೆ ಬಾಗಿದ್ದು. ಅದಕ್ಕೆ ತಕ್ಕಂತೆ ಒಂದು ತಾಟು, ಒಂದು ಬದಿಯ ಅಂಚು ಎತ್ತರ, ಅನ್ನ ಆಚೆ ಚೆಲ್ಲದಂತೆ. ಏಳು ಸಲ ತಿದ್ದಿದೆ. ಸಂಭಾಜಿನಗರಕ್ಕೆ ಒಯ್ದು ಅವಳ ಮುಂದೆ ಇಟ್ಟೆ. ಅವಳು ಚಮಚವನ್ನು ಎಡಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಜೋಡಣೆಯ ಗೆರೆ ಕಾಣಿಸುತ್ತದೆ, ಇನ್ನೂ ಉಜ್ಜಬೇಕು ಎಂದಳು ಮರಾಠಿಯಲ್ಲಿ. ಸರಿಯಾಗಿಯೇ ಹೇಳಿದಳು. ಆಮೇಲೆ ಅದನ್ನು ಕೆಳಗಿಟ್ಟು ಮತ್ತೆ ಮುಟ್ಟಲಿಲ್ಲ. ಅಕ್ಕ ಅದನ್ನು ಉಪ್ಪಿನ ಡಬ್ಬಿಯಲ್ಲಿ ಹಾಕಿಟ್ಟಿದ್ದಾಳೆ.

ಈಗ ಅವಳು ಕನ್ನಡ ಆಡುವುದಿಲ್ಲ. ನಾವು ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ. ಅಕ್ಕ ಭಾವನವರೂ ಅವಳೊಡನೆ ಮರಾಠಿಗೆ ಹೊರಳಿದ್ದಾರೆ. ಕನ್ನಡ ಬಾಯಿಗೆ ಬಂದರೂ ಆರುವುದು ಎಂಬ ಆ ಒಂದು ಮಾತು ಬರದಂತೆ ನೋಡಿಕೊಳ್ಳುತ್ತಾರೆ. "ಥಂಡ ಆಗ್ಯಾದ, ಉಣ್ಣು," ಎನ್ನುತ್ತಾಳೆ ಅಕ್ಕ.

ಹೋದ ಸಲ ಹೋದಾಗ ಎಲ್ಲರೂ ಊಟಕ್ಕೆ ಕೂತಿದ್ದೆವು. ಅವಳು ಹಳೆಯ ಸ್ಟೀಲ್ ತಾಟಿನಲ್ಲಿ ಎಡಗೈಯಿಂದ ಉಣ್ಣುತ್ತಿದ್ದಳು. ಜನ ಅದನ್ನು ನೋಡಿ ಕಣ್ಣು ಸರಿಸುತ್ತಾರೆ ಎಂದು ಈಗ ಹೊರಗೆಲ್ಲೂ ಊಟಕ್ಕೆ ಹೋಗುವುದಿಲ್ಲವಂತೆ. ಅಕ್ಕ ಒಲೆಯಿಂದ ಇಳಿಸಿದ ಬೇಳೆಯನ್ನು ತಂದು ಅವಳಿಗೆ ಬಡಿಸಲು ಬಾಗಿದಳು. ಹಬೆ ಕಂಡದ್ದೇ ನನ್ನ ಬಾಯಿ ತಾನಾಗಿ ಆಡಿತು.

"ತಡೀ ಅಕ್ಕಾ, ಆರ್ಲಿ."

ಅಕ್ಕನ ಸೌಟು ಅಲ್ಲಿಯೇ ನಿಂತಿತು. ಭಾವನವರು ತಾಟಿನಿಂದ ತಲೆ ಎತ್ತಲಿಲ್ಲ. ಹುಡುಗಿ ನನ್ನನ್ನು ನೋಡಿದಳು, ಅಂದು ಅಡುಗೆಮನೆಯಲ್ಲಿ ನೋಡಿದ ಹಾಗೆಯೇ.

"ಕಿತೀ, ಮೌಶಿ?" ಎಂದಳು. ಎಷ್ಟು?

ನಗಲಿಲ್ಲ. ನನ್ನ ಉತ್ತರಕ್ಕೆ ನಿಜವಾಗಿಯೂ ಕಾಯುತ್ತಿರುವವಳಂತೆ, ಎಡಗೈಯನ್ನು ತಾಟಿನ ಮೇಲೆ ಹಾಗೆಯೇ ಹಿಡಿದು ಕೂತಳು.