ಒಳಬರುವ ಪೈಪಿಲ್ಲದ ನಕ್ಷೆ

ಕೊಲ್ಲಿ ದೇಶದ ಮೀನಾ ಅಬ್ದುಲ್ಲಾ ಎಂಬ ಊರಿನ ತೈಲ ರಿಫೈನರಿಯಲ್ಲಿ ಪೈಪುಗಳ ನಕ್ಷೆ ಪರಿಶೀಲಿಸಿ ಸಹಿ ಹಾಕುವುದು ಹದಿನೆಂಟು ವರ್ಷಗಳಿಂದ ನನ್ನ ಕೆಲಸ. ಯಾವ ಟ್ಯಾಂಕು ಕಂಡರೂ ನಾನು ಮೊದಲು ಹುಡುಕುವುದು ಒಳಬರುವ ಪೈಪನ್ನು. ಅದಿಲ್ಲದ ನಕ್ಷೆಗಳನ್ನು ಬರೆದವರ ಮುಂದೆಯೇ ವಾಪಸ್ ಎಸೆದಿದ್ದೇನೆ.

ಒಂದು ಶುಕ್ರವಾರ ಮಗಳು ಊಟದ ಮೇಜಿನ ಮೇಲೆ ಶಾಲೆಯ ಚಾರ್ಟು ಹರಡಿದಳು: ಪಾಶ್ಚಾತ್ಯ ನಾಗರಿಕತೆಯ ಉದಯ. ಗ್ರೀಸ್, ರೋಮ್, ಹಡಗುಗಳು, ಉಗಿಯಂತ್ರ, ಕೊನೆಗೆ ರಾಕೆಟ್. ಒಂದು ಚೌಕದಿಂದ ಇನ್ನೊಂದಕ್ಕೆ ಬಾಣದ ಗುರುತು. ಅಭ್ಯಾಸಬಲದಿಂದ ನನ್ನ ಕಣ್ಣು ಮೊದಲ ಚೌಕಕ್ಕೇ ಹೋಯಿತು.

"ಗ್ರೀಸಿಗೆ ಒಳಗ ಬರೋ ಲೈನ್ ಎಲ್ಲಿ ಐತಿ, ಅವ್ವಾ?" ಎಂದು ಮಗಳನ್ನು ಕೇಳಿದೆ.

"ನೋ ಲೈನ್, ಪಪ್ಪಾ. ಇಟ್ ಸ್ಟಾರ್ಟ್ಸ್ ದೇರ್."

ನಾನು ದಂಗಾದೆ. ಬ್ಯಾಬಿಲೋನ್ ಇದ್ದ ನೆಲ ಫಹಾಹೀಲಿನ ನಮ್ಮ ಮನೆಯಿಂದ ಕಾರಿನಲ್ಲಿ ಒಂದು ದಿನದ ದಾರಿ! ಪೆನ್ಸಿಲ್ ಕಿತ್ತುಕೊಂಡು ಈಜಿಪ್ಟ್, ಬ್ಯಾಬಿಲೋನ್‌ಗಳಿಂದ ಗ್ರೀಸಿಗೆ ಗೆರೆ ಎಳೆದೆ. ನಮ್ಮ ದೇಶದ ಅಂಕಿಗಳನ್ನು ಬಾಗ್ದಾದಿನ ಮೂಲಕ ಯುರೋಪಿಗೆ ಹರಿಸಿದೆ.

"ನಾಟ್ ಇನ್ ದ ಸಿಲಬಸ್," ಎಂದು ಅವಳು ರಬ್ಬರಿನಿಂದ ಅಷ್ಟನ್ನೂ ಉಜ್ಜಿಬಿಟ್ಟಳು.

ಇಲ್ಲಿನ ಶುಕ್ರ-ಶನಿವಾರದ ರಜೆ ಮುಗಿದು ಭಾನುವಾರ ಬೆಳಿಗ್ಗೆ ಸ್ಕೂಲ್ ಬಸ್ಸು ಕೆಳಗೆ ಹಾರ್ನ್ ಹೊಡೆಯುತ್ತಿತ್ತು. ಚಾರ್ಟಿನ ಮೇಲೆ ಅವಳು ಬೆರಳಿಟ್ಟು ತೋರಿಸಿದ ಜಾಗದಲ್ಲಿ, ಓದದೆ, ಸಹಿ ಗೀಚಿದೆ.

ಚಾರ್ಟಿಗೆ ಮೊದಲ ಬಹುಮಾನ ಬಂತು. ಪಾಲಕರ ಸಭೆಗೆ ಹೋದಾಗ ಅದನ್ನು ಬಾಗಿಲ ಪಕ್ಕದಲ್ಲೇ ತೂಗುಹಾಕಿದ್ದರು. ಹತ್ತಿರ ಹೋಗಿ ನೋಡಿದೆ. ಮೊದಲ ಚೌಕದಲ್ಲಿ ಅದೇ ಗ್ರೀಸ್: ಎಲ್ಲಿಂದಲೂ ಏನೂ ಬಾರದೆ ತಾನಾಗಿ ತುಂಬಿ ಹರಿಯುವ ಟ್ಯಾಂಕು. ಅದರ ಕೆಳಗೆ, 'ಪರಿಶೀಲಿಸಿದವರು' ಎಂಬ ಸಾಲಿನ ಮುಂದೆ, ನನ್ನ ಸಹಿ.