ಗೋಡೆಗೆ ತಿರುಗುತ್ತಿದ್ದವನು

ಗುಬ್ಬಿಯ ತಾಲ್ಲೂಕು ಕಚೇರಿ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದವನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಆರಿಲ್ಲ. ಅರ್ಜಿ ತುಂಬಿಸಲೋ ಸೆಟ್ಟಿಂಗ್ ಮಾಡಿಸಲೋ ಊರಿಗೆ ಊರೇ ಅವನ ಕೈಗೆ ಫೋನ್ ಕೊಡುತ್ತಿತ್ತು. ಪಾಸ್‌ವರ್ಡ್ ಒತ್ತುವ ಹೊತ್ತು ಬಂದರೆ ಆತ ಗರ್ಭಗುಡಿಯ ತೆರೆ ಎಳೆಯುವ ಅರ್ಚಕನ ಗಾಂಭೀರ್ಯದಿಂದ ಗೋಡೆಗೆ ತಿರುಗಿ, "ನಂಗೇನೂ ಕಾಣ್ತಿಲ್ಲ, ನೀವೇ ಒತ್ಕಳಿ" ಎನ್ನುತ್ತಿದ್ದ. ಜನ ಆ ಬೆನ್ನಿಗೆ ಮನಸೋತು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಪಾಸ್‌ವರ್ಡನ್ನು ಕೂಗಿಯೇ ಹೇಳುತ್ತಿದ್ದರು. ಮೂವತ್ತು ವರ್ಷ ಮೇಷ್ಟರಾಗಿದ್ದ ನನಗೆ ಯಾರೂ ಒಂದು ಗುಟ್ಟು ಹೇಳಿದವರಲ್ಲ.

ಒಂದು ದಿನ ಆ ಸಾಲಿನಲ್ಲಿದ್ದ ಚೇಳೂರಿನ ಹೆಂಗಸೊಬ್ಬರು, "ಮೇಷ್ಟ್ರೇ, ನಿಮ್ಮನೆಯೋರು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ ಡ್ಯಾನ್ಸು ಬೋ ಚೆಂದಾಗಿತ್ತು ಬುಡಿ" ಎಂದರು. ನನ್ನ ಫೋನಿನಲ್ಲಿ ಅಂಥದ್ದೊಂದು ಕಾಣಿಸಿಯೇ ಇರಲಿಲ್ಲ. ನನ್ನ ಹೆಂಡತಿಯ ಫೋನೂ ಇದೇ ಅಂಗಡಿಗೆ ಬರುತ್ತಿದ್ದದ್ದು ನೆನಪಾಗಿ ಅಂಗಡಿಯವನನ್ನೇ ಕೇಳಿದೆ.

"ಏನಪ್ಪಾ, ಅದು ನನಗೆ ಕಾಣ್ದಂಗೆ ಸೆಟ್ಟಿಂಗ್ ಮಾಡ್ಕೊಟ್ಟಿದ್ದು ನೀನೇನಾ?"

ಆತ ನಿಧಾನವಾಗಿ ಗೋಡೆಗೆ ತಿರುಗಿದ. "ನಂಗೇನೂ ಕಾಣ್ತಿಲ್ಲ ಸಾ."

ಹೊಟ್ಟೆ ಉರಿಯಿತು. ಜನ್ಮದಲ್ಲಿ ಒಂದು ಸ್ಟೇಟಸ್ಸನ್ನೂ ಹಾಕದ ನಾನು, "ನನ್ನ ಸ್ಟೇಟಸ್ಸೂ ಅವಳಿಗೆ ಕಾಣ್ಬಾರ್ದು" ಎಂದು ಫೋನನ್ನು ಅವನ ಮುಂದಿಟ್ಟೆ. ಹೆಂಡತಿಗೂ ಹೇಳದಿದ್ದ ಲಾಕ್ ನಂಬರನ್ನು ಆ ಬೆನ್ನಿಗೆ ಗಟ್ಟಿಯಾಗಿ ಹೇಳಿದೆ.