ಚೇತಕ್, ಚೀತಾ ಮತ್ತು ನನ್ನ ಚೀಟಿ

೨೦೨೪ರ ಜೂನ್ ೧೨, ಬುಧವಾರ. ಆಕರ: ತೀರಿಹೋದ ನನ್ನ ಅಣ್ಣನ ಕೆಲಸದ ನೋಟ್‌ಬುಕ್, ನೀಲಿ ರಟ್ಟು, ಕೊನೆಯ ಕೆಲವು ಹಾಳೆಗಳಿಲ್ಲ. ಅತ್ತಿಗೆ ಅದನ್ನು ಕೃಷ್ಣಮೂರ್ತಿಪುರಂನ ನನ್ನ ಮನೆಗೆ ತಂದು ಮೇಜಿನ ಮೇಲಿಟ್ಟು, ನಿಂತುಕೊಂಡೇ ಕೇಳಿದರು: "ಅವ್ರು ಸುಳ್ಳು ಹೇಳ್ತಿದ್ರೋ ಇಲ್ವೋ, ಅಷ್ಟು ನೋಡಿ ಹೇಳ್ಬುಡಿ."

ಅಣ್ಣ ಹೆಲಿಕಾಪ್ಟರ್ ಕಾರ್ಖಾನೆಯ ಪೇಂಟ್ ಶಾಪಿನಲ್ಲಿದ್ದವನು. ಫ್ರೆಂಚರ ಪರವಾನಗಿ ಪಡೆದು ಇಲ್ಲಿ ತಯಾರಿಸಿದ ಎರಡು ಸೇನಾ ಹೆಲಿಕಾಪ್ಟರುಗಳಿಗೆ ನಮ್ಮವರು ಹೊಸ ಹೆಸರಿಟ್ಟರು. 'ಅಲೂಯೆಟ್' ಎಂಬುದು ಚೇತಕ್ ಆಯಿತು, 'ಲಾಮಾ' ಚೀತಾ ಆಯಿತು. ವಿನ್ಯಾಸ ಅವರದು, ಹೆಸರು ನಮ್ಮದು. ಇಂಥ ಹೆಸರುಗಳ ಅಧ್ಯಯನದಲ್ಲೇ ನನ್ನ ವೃತ್ತಿಜೀವನ ಕಳೆಯಿತು. ತಮ್ಮ ಶೆಡ್ಡಿನಲ್ಲಿ 'ಚೇತಕ್' ಎಂದು ಮೊದಲು ಬರೆದ ಕೈ ತನ್ನದು ಎನ್ನುವುದು ಅಣ್ಣನ ಏಕಮಾತ್ರ ಹೆಮ್ಮೆ.

ಕಳೆದ ವರ್ಷ ಅವನ ಮೊಮ್ಮಗಳ ನಾಮಕರಣ. ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೆಸರು ಬರೆಯಲು ಕುಳಿತವನು, "ಹೆಸರು ಬರಿಯೋದು ನಂಗೇನು ಹೊಸದಲ್ಲ ಕಣ್ರೀ. ಚೇತಕ್‌ಗೂ ನಾನೇ ಬರ್ದೋನು" ಎಂದ.

"ಯಾವ ಚೇತಕ್ಕು ಸ್ವಾಮಿ, ಸ್ಕೂಟರ್ರಾ?" ಬೀಗರ ಕಡೆಯವರೊಬ್ಬರು ಕೆಣಕಿದರು.

ಅಲ್ಲಿಗೆ ಬಿಡಬಹುದಿತ್ತು. ನಾನು ಬಿಡಲಿಲ್ಲ. "ಆ ಹೆಸರು ಬರೋ ಹೊತ್ಗೆ ನೀನು ಪೇಂಟ್ ಶಾಪ್ ಬಿಟ್ಟಾಗಿತ್ತು ಕಣಣ್ಣ. ತಾರೀಖು ನನ್ಹತ್ರ ಇದೆ."

ಅನಂತರ ಅಣ್ಣ ಆ ಮಾತನ್ನು ಎಂದೂ ಎತ್ತಲಿಲ್ಲ.

ನೋಟ್‌ಬುಕ್ಕಿನ ನಡುವಿನ ಒಂದು ಪುಟದಲ್ಲಿ 'ಚೇತಕ್' ಎಂಬ ಅಕ್ಷರಗಳ ಸ್ಟೆನ್ಸಿಲ್ ನಕಲಿದೆ. ಪಕ್ಕದಲ್ಲಿ ಅಳತೆ, ಕೆಳಗೆ ದಿನಾಂಕ. ಅವನು ಬೇರೆ ವಿಭಾಗಕ್ಕೆ ವರ್ಗವಾದ ಸಂಗತಿ ಎಷ್ಟೋ ಪುಟಗಳ ನಂತರ ಬರುತ್ತದೆ. ಹೆಸರುಗಳ ಬಗ್ಗೆ ನಾನು ಬರೆದಿಟ್ಟ ಟಿಪ್ಪಣಿ ಚೀಟಿಗಳನ್ನು ಮೂಲ ದಾಖಲೆಗಳೊಡನೆ ಹೋಲಿಸಿದೆ. ಚೀತಾಕ್ಕೆ ಸೇರಬೇಕಾದ ತಾರೀಖನ್ನು ನಾನು ಚೇತಕ್‌ನ ಚೀಟಿಯ ಮೇಲೆ ಬರೆದುಕೊಂಡಿದ್ದೆ. ಇಷ್ಟು ವರ್ಷ ಅದನ್ನು ಮತ್ತೊಮ್ಮೆ ಪರಿಶೀಲಿಸಿರಲಿಲ್ಲ.

"ಅಣ್ಣ ಹೇಳಿದ್ದು ನಿಜ, ಅತ್ತಿಗೆ. ತಪ್ಪು ನಂದು."

"ಇದನ್ನ ಅವ್ರಿದ್ದಾಗ ಹೇಳ್ಬೇಕಿತ್ತು ನೀವು. ಈಗ ಫೋಟೋ ಮುಂದೆ ನಿಂತ್ಕೊಂಡು ಹೇಳ್ಲಾ?"

ಸಮಾಧಾನಪಡಿಸಲು ನೋಡಿದೆ: "ಅವನೇನೂ ಮನಸ್ಸಿಗೆ ಹಚ್ಕೊಳ್ಳಿಲ್ಲ. ಅವತ್ತು ಎಲ್ಲರ ಜೊತೆ ತಾನೂ ನಕ್ಬುಟ್ಟ."

ಅತ್ತಿಗೆ ನಾಮಕರಣದ ದಿನ ನೆಂಟರೊಬ್ಬರು ತೆಗೆದಿದ್ದ ವಿಡಿಯೊವನ್ನು ಫೋನಿನಲ್ಲಿ ತೆರೆದು ನನ್ನ ಮುಂದೆ ಹಿಡಿದರು.

ಮೂರು ಬಾರಿ ನೋಡಿದೆ. ನನ್ನ ದನಿ ಸ್ಪಷ್ಟವಾಗಿದೆ. ನೆರೆದವರ ನಗೆಯೂ ಇದೆ. ಅಣ್ಣ ನಗುವುದಿಲ್ಲ. ಮೊದಲ ಅಕ್ಷರವನ್ನಷ್ಟೇ ಬರೆದ ಉಂಗುರವನ್ನು ಮಗನ ಕೈಗೆ ಕೊಟ್ಟು, "ಮಿಕ್ಕಿದ್ದು ನೀನೇ ಬರಿಯಪ್ಪ" ಎಂದು ಎದ್ದು ಹೋಗುತ್ತಾನೆ. ಅವನು ನಕ್ಕನೆಂಬ ನನ್ನ ನೆನಪಿಗೆ ಈ ದಾಖಲೆಯಲ್ಲಿ ಆಧಾರವಿಲ್ಲ.